18:30 ಎಂಬ ಬೆರಳಚ್ಚು: ಸಾಫ್ಟ್‌ವೇರ್‌ನಲ್ಲಿ ತಾರೀಖು ಒಂದು ದಿನ ಹಿಂದೆ ಬೀಳುವುದೇಕೆ

ಜನ್ಮದಿನಾಂಕದ ಕಾಲಂನಲ್ಲಿ ಸಾಲು ಸಾಲಾಗಿ 18:30:00 ಎಂಬ ವೇಳೆ ಕಂಡರೆ ಆ ಸಾಫ್ಟ್‌ವೇರ್ ಭಾರತದಲ್ಲಿ ಬಳಕೆಯಾಗಿದೆ ಎಂದೂ ಅದರಲ್ಲಿ ತಾರೀಖಿನ ಬಗ್ ಇದೆ ಎಂದೂ ಒಟ್ಟಿಗೇ ಹೇಳಿಬಿಡಬಹುದು. ಅಷ್ಟೊಂದು ಜನ ಸಂಜೆ ಆರೂವರೆಗೇ ಹುಟ್ಟಿರಲಾರರು. ಅವರು ಫಾರಂನಲ್ಲಿ ಆರಿಸಿದ್ದು ತಾರೀಖನ್ನು ಮಾತ್ರ. ಅದಕ್ಕೆ ವೇಳೆ ಅಂಟಿಸಿದ್ದು ಪ್ರೋಗ್ರಾಮ್, ಅಂಟಿಸಿದ್ದನ್ನು ಆಮೇಲೆ ಬದಲಿಸಿದ್ದೂ ಅದೇ.

ನಡೆಯುವುದು ಹೀಗೆ. ಬೆಂಗಳೂರಿನಲ್ಲಿ ಕುಳಿತವರೊಬ್ಬರು ವೆಬ್ ಫಾರಂನಲ್ಲಿ 2026 ಆಗಸ್ಟ್ 15 ಅನ್ನು ಒತ್ತುತ್ತಾರೆ. ಕ್ಯಾಲೆಂಡರ್ ತೋರಿಸುವ ಜಾವಾಸ್ಕ್ರಿಪ್ಟ್ ಕೋಡ್ ಅದನ್ನು ‘ಡೇಟ್’ ಆಬ್ಜೆಕ್ಟ್ ಮಾಡುತ್ತದೆ. ಹೆಸರು ‘ಡೇಟ್’ ಆದರೂ ಬರೀ ತಾರೀಖನ್ನು ಇಟ್ಟುಕೊಳ್ಳಲು ಅದಕ್ಕೆ ಬರುವುದಿಲ್ಲ. ಅದರ ಹೊಟ್ಟೆಯಲ್ಲಿರುವುದು ಒಂದೇ ಸಂಖ್ಯೆ: 1970 ಜನವರಿ 1ರ ಯುಟಿಸಿ (ಜಗತ್ತಿನ ಗಡಿಯಾರಗಳೆಲ್ಲ ಹೋಲಿಸಿಕೊಳ್ಳುವ ಮೂಲ ಸಮಯ, ಭಾರತ ಅದಕ್ಕಿಂತ ಐದೂವರೆ ಗಂಟೆ ಮುಂದೆ) ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಕಳೆದಿದೆ ಎಂಬುದು. ಹಾಗಾಗಿ 15ನೇ ತಾರೀಖು ಅನ್ನುವುದು ‘15ನೇ ತಾರೀಖು ಭಾರತದಲ್ಲಿ 00:00 ಗಂಟೆ’ ಆಗುತ್ತದೆ. ಸರ್ವರ್‌ಗೆ ಕಳಿಸುವಾಗ ಜೇಸನ್ (ದತ್ತಾಂಶ ಸಾಗಿಸುವ ಪಠ್ಯ ರೂಪ) ಆಗಿ ಮಾರ್ಪಡುವ ಹೊತ್ತಿಗೆ ಅದು ಯುಟಿಸಿಗೆ ಬದಲಾಗಿ, ಐದೂವರೆ ಗಂಟೆ ಹಿಂದೆ ಹೋಗಿ, ‘2026-08-14ಟಿ18:30:00.000ಝಡ್’ ಎಂಬ ಸಾಲಾಗುತ್ತದೆ. ಕೊನೆಯ ಝಡ್ ಅಕ್ಷರದ ಅರ್ಥ ‘ಇದು ಯುಟಿಸಿ’ ಎಂದು. ಸರ್ವರ್ ಕಡೆಯವರು ಮೊದಲ ಹತ್ತು ಅಕ್ಷರ ಕತ್ತರಿಸಿಕೊಂಡು ತಾರೀಖಿನ ಕಾಲಂಗೆ ಹಾಕುತ್ತಾರೆ. ಸ್ವಾತಂತ್ರ್ಯ ದಿನ 14ಕ್ಕೆ ಬಂತು.

ಇದರಲ್ಲಿ ಯಾವ ಹೆಜ್ಜೆಯೂ ಕೆಟ್ಟಿಲ್ಲ ಎನ್ನುವುದೇ ತಮಾಷೆ. ಬ್ರೌಸರ್ ತನ್ನ ನಿಯಮದಂತೆ ನಡೆಯಿತು, ಪರಿವರ್ತನೆಯ ಲೆಕ್ಕವೂ ಸರಿಯಿದೆ. ಪರಿವರ್ತಿಸಲೇಬಾರದ ವಸ್ತುವನ್ನು ಪರಿವರ್ತಿಸಿದ್ದೇ ತಪ್ಪು. ಟೈಮ್‌ಝೋನ್ ಬಗ್‌ಗಳಲ್ಲಿ ಬಹುಪಾಲು ಇದೇ ಜಾತಿಯವು.

ಇದನ್ನು ಕಂಡವರು ಸಾಮಾನ್ಯವಾಗಿ ಮಾಡುವ ರಿಪೇರಿ ಇನ್ನೂ ಅಪಾಯಕಾರಿ: ಎಲ್ಲೋ ಒಂದು ಕಡೆ 19800 ಸೆಕೆಂಡ್, ಅಂದರೆ ಐದೂವರೆ ಗಂಟೆ, ಕೂಡಿಸಿಬಿಡುವುದು. ಮರುದಿನ ಬೇರೊಬ್ಬರು ಇನ್ನೊಂದು ಪದರದಲ್ಲಿ ಅದನ್ನೇ ಕೂಡಿಸುತ್ತಾರೆ, ಈಗ ವ್ಯತ್ಯಾಸ ಹನ್ನೊಂದು ಗಂಟೆ. ಜಾವಾಸ್ಕ್ರಿಪ್ಟ್‌ನಲ್ಲಿ ಟೈಮ್‌ಝೋನ್ ವ್ಯತ್ಯಾಸ ಕೇಳಿದರೆ ಭಾರತಕ್ಕೆ ಬರುವ ಉತ್ತರ 330 ಅಲ್ಲ, ಮೈನಸ್ 330 ನಿಮಿಷ. ಅದನ್ನು ಮರೆತು ಕೂಡುವ ಬದಲು ಕಳೆದವರೂ ಉಂಟು. ಹುಡುಕುತ್ತಾ ಹೋದರೆ ಕೋಡ್‌ನಲ್ಲಿ ನಾಲ್ಕು ಕಡೆ 5.5 ಎಂಬ ಅಂಕಿ ಸಿಗುತ್ತದೆ, ಯಾವುದನ್ನು ತೆಗೆದರೆ ಏನು ಬೀಳುತ್ತದೋ ಯಾರಿಗೂ ಗೊತ್ತಿರುವುದಿಲ್ಲ.

ಐದೂವರೆ ಕೂಡಿಸಿದರೆ ಭಾರತದ ಮಟ್ಟಿಗಾದರೂ ಸರಿಹೋಗಬೇಕಲ್ಲ ಎನ್ನಬಹುದು. ಹೋಗುವುದಿಲ್ಲ. 1943 ಜೂನ್ 15ರಂದು ಹುಟ್ಟಿದ ಪಿಂಚಣಿದಾರರನ್ನು ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಯಾವ ಊರಿನಲ್ಲಿ ಯಾವಾಗ ಯಾವ ಸಮಯವಿತ್ತು ಎಂದು ದಾಖಲಿಸುವ ಟೈಮ್‌ಝೋನ್ ದತ್ತಾಂಶದ ಪ್ರಕಾರ 1941 ಅಕ್ಟೋಬರ್‌ನಿಂದ 1942 ಮೇ ನಡುವಿನವರೆಗೆ, ಮತ್ತೆ 1942 ಸೆಪ್ಟೆಂಬರ್‌ನಿಂದ 1945 ಅಕ್ಟೋಬರ್ ನಡುವಿನವರೆಗೆ ನಾವು ಯುಟಿಸಿಗಿಂತ ಆರೂವರೆ ಗಂಟೆ ಮುಂದಿದ್ದೆವು. ಬ್ರೌಸರ್‌ಗೆ ಈ ಇತಿಹಾಸ ಗೊತ್ತು. ಅದು ಆ ದಿನದ ಮಧ್ಯರಾತ್ರಿಯನ್ನು ಜೂನ್ 14ರ 17:30 ಯುಟಿಸಿ ಎಂದು ಕಳಿಸುತ್ತದೆ. ಸರ್ವರ್ ತನ್ನ ಐದೂವರೆಯನ್ನು ಕೂಡಿಸಿದರೆ ಸಿಗುವುದು ಜೂನ್ 14ರ ರಾತ್ರಿ 23:00. ಎಲ್ಲರ ತಾರೀಖೂ ಸರಿಹೋಯಿತು ಎಂದುಕೊಂಡ ಮೇಲೂ ಎಂಬತ್ತು ದಾಟಿದ ಒಂದು ತಲೆಮಾರಿನ ಹುಟ್ಟಿದ ದಿನ ಮಾತ್ರ ಆಧಾರ್‌ನಲ್ಲಿರುವುದಕ್ಕೆ ತಾಳೆಯಾಗದೆ ಉಳಿಯುತ್ತದೆ.

ಮೂರು ಬೇರೆ ಬೇರೆ ವಸ್ತುಗಳು

ಪ್ರೋಗ್ರಾಮಿಂಗ್‌ನಲ್ಲಿ ನಾವು ‘ಸಮಯ’ ಎಂದು ಒಂದೇ ಮೂಟೆ ಕಟ್ಟುವುದು ನಿಜಕ್ಕೂ ಮೂರು ವಸ್ತುಗಳನ್ನು. ಒಂದು, ಕ್ಷಣ: ಹಣ ಪಾವತಿಯಾದದ್ದು, ಲಾಗಿನ್ ಆದದ್ದು, ಲಾಗ್‌ನಲ್ಲಿ ಎರರ್ ಬಿದ್ದದ್ದು. ಜಗತ್ತಿನಾದ್ಯಂತ ಅದು ಒಂದೇ, ನೋಡುವ ಗಡಿಯಾರ ಮಾತ್ರ ಬೇರೆ. ಎರಡು, ಬರೀ ತಾರೀಖು: ಜನ್ಮದಿನ, ರಜೆ, ಬಿಲ್ಲಿನ ಕೊನೆಯ ದಿನ. ಇದಕ್ಕೆ ಟೈಮ್‌ಝೋನ್ ಇಲ್ಲ, ಇರಲೂಬಾರದು. ಮೂರು, ಒಂದು ಊರಿನ ಗೋಡೆ ಗಡಿಯಾರದ ಸಮಯ: ‘ನ್ಯೂಯಾರ್ಕ್‌ನಲ್ಲಿ ಪ್ರತಿ ಮಂಗಳವಾರ ಬೆಳಗ್ಗೆ 9ಕ್ಕೆ ಮೀಟಿಂಗ್’. ಇದಕ್ಕೆ ಊರು ಬೇಕು, ಆ ಊರಿನ ಸರ್ಕಾರ ಮುಂದೆ ಏನು ಮಾಡುತ್ತದೆ ಎಂಬುದೂ ಸೇರಿಕೊಳ್ಳುತ್ತದೆ.

‘ಎಲ್ಲವನ್ನೂ ಯುಟಿಸಿಯಲ್ಲಿ ಇಡಿ’ ಎಂಬ ಉಪದೇಶ ಈ ಮೂರರಲ್ಲಿ ಮೊದಲನೆಯದಕ್ಕೆ ಮಾತ್ರ ಪೂರ್ತಿ ಸರಿ. ಎರಡನೆಯದಕ್ಕೆ ಹಾನಿ, ಮೂರನೆಯದಕ್ಕೆ ಅರ್ಧ ಸತ್ಯ. ಇಂಟರ್‌ವ್ಯೂಗಳಲ್ಲಿ ಮಂತ್ರದ ಹಾಗೆ ಒಪ್ಪಿಸಲಾಗುವ ಈ ವಾಕ್ಯವೇ 18:30ರ ಕಾಯಿಲೆಗೆ ದೊಡ್ಡ ಕಾರಣ ಎಂದರೂ ತಪ್ಪಾಗಲಾರದು.

ಭಾರತದ ಪ್ರೋಗ್ರಾಮರ್‌ಗೆ ಈ ವ್ಯತ್ಯಾಸ ಕಣ್ಣಿಗೆ ಬೀಳದಿರಲು ಕಾರಣವಿದೆ. ದೇಶಕ್ಕೆಲ್ಲ ಒಂದೇ ಗಡಿಯಾರ, ಬೇಸಿಗೆಗೆ ಚಳಿಗಾಲಕ್ಕೆ ಮುಳ್ಳು ತಿರುಗಿಸುವ ಪದ್ಧತಿ ಇಲ್ಲ. ತನ್ನ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್, ಸರ್ವರ್, ಡೇಟಾಬೇಸ್ ಮೂರೂ ಐಎಸ್‌ಟಿಯಲ್ಲೇ (ಭಾರತೀಯ ಕಾಲಮಾನದಲ್ಲೇ) ಓಡುತ್ತವೆ, ಎಲ್ಲ ಸರಿಯಾಗಿ ಕಾಣುತ್ತದೆ. ಕ್ಲೌಡ್‌ಗೆ ಏರಿಸಿದ ದಿನ ಸರ್ವರ್ ಯುಟಿಸಿಯಲ್ಲಿ ಎದ್ದು ಕೂರುತ್ತದೆ. ಬಗ್ ಹುಟ್ಟುವುದು ಅಂದಲ್ಲ, ಹೊರಬೀಳುವುದು ಅಂದು.

2025ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಭಾರತೀಯ ಕಾಲಮಾನದ ಬಗ್ಗೆ ಕಾನೂನು ಮಾಪನಶಾಸ್ತ್ರದ ಕರಡು ನಿಯಮಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟಿತು. ಆಡಳಿತ, ವಾಣಿಜ್ಯ, ಹಣಕಾಸಿನ ವ್ಯವಹಾರಗಳೆಲ್ಲ ಐಎಸ್‌ಟಿಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು ಎನ್ನುವುದು ಅದರ ತಿರುಳು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯವನ್ನು ಬೆಂಗಳೂರು, ಅಹಮದಾಬಾದ್, ಭುವನೇಶ್ವರ, ಫರೀದಾಬಾದ್, ಗುವಾಹಟಿಯ ಪ್ರಾದೇಶಿಕ ಪ್ರಯೋಗಾಲಯಗಳ ಮೂಲಕ ಹಂಚುವ ಯೋಜನೆ ಇದರ ಹಿಂದಿದೆ. ಸರ್ವರ್‌ಗಳ ಗಡಿಯಾರವನ್ನು ಎನ್‌ಐಸಿ (ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಸಮಯ ಕೊಡುವ) ಸರ್ವರ್‌ಗೆ ಹೊಂದಿಸಬೇಕು ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಕೊಟ್ಟಿತ್ತು. ಒಳ್ಳೆಯ ಕೆಲಸವೇ. ಆದರೆ ಇವೆರಡೂ ಗಡಿಯಾರ ಎಷ್ಟು ನಿಖರ ಎನ್ನುವುದರ ಬಗ್ಗೆ. ಮೈಕ್ರೊಸೆಕೆಂಡ್ ಮಟ್ಟಕ್ಕೆ ಹೊಂದಿಸಿದ ಸರ್ವರ್ ಕೂಡ ಆಗಸ್ಟ್ 15ನ್ನು 14 ಎಂದು ಬರೆದಿಡಬಲ್ಲದು. ಒಳಗೆ ಯುಟಿಸಿ ಇಟ್ಟು ಹೊರಗೆ ಐಎಸ್‌ಟಿ ತೋರಿಸುವ ಗಡಿ ಎಲ್ಲಿರಬೇಕು ಎನ್ನುವುದನ್ನು ಕೋಡ್ ಬರೆಯುವವರೇ ತೀರ್ಮಾನಿಸಬೇಕು.

ಮಾರ್ಚ್ 31ರ ರಾತ್ರಿ

ಆ ಗಡಿ ತಪ್ಪಿದರೆ ಹಣದ ಲೆಕ್ಕ ತಪ್ಪುತ್ತದೆ. 2026 ಏಪ್ರಿಲ್ 1ರ ಬೆಳಗಿನ ಜಾವ 2 ಗಂಟೆಗೆ ಒಂದು ಆರ್ಡರ್ ಬಂತು ಎನ್ನಿ. ಯುಟಿಸಿಯಲ್ಲಿ ಅದು ಮಾರ್ಚ್ 31ರ 20:30. ವರದಿ ತೆಗೆಯುವ ಕ್ವೆರಿ ಆ ಕಾಲಂನಿಂದ ನೇರವಾಗಿ ತಾರೀಖು ಕಿತ್ತುಕೊಂಡರೆ ವಹಿವಾಟು ಹಿಂದಿನ ಹಣಕಾಸು ವರ್ಷಕ್ಕೆ ಸೇರುತ್ತದೆ. ಬಿಲ್ಲಿನ ಮೇಲೆ ಒಂದು ತಾರೀಖು, ವರದಿಯಲ್ಲಿ ಇನ್ನೊಂದು. ಪ್ರತಿದಿನವೂ ಮಧ್ಯರಾತ್ರಿಯಿಂದ 5:30ರವರೆಗಿನ ವಹಿವಾಟಿಗೆ ಇದೇ ಗತಿ. ಆ ಹೊತ್ತಿನಲ್ಲಿ ವ್ಯಾಪಾರ ಕಡಿಮೆ ಇರುವುದರಿಂದ ವರ್ಷವಿಡೀ ಯಾರೂ ಗಮನಿಸುವುದಿಲ್ಲ, ಮಾರ್ಚ್ ಕೊನೆಗೆ ಆಡಿಟರ್ ಗಮನಿಸುತ್ತಾರೆ.

ಸರಿಯಾದ ವಿಧಾನ ತಲೆಕೆಳಗಿನದು: ಕಾಲಂ ಅನ್ನು ತಾರೀಖಿಗೆ ತಿರುಗಿಸುವುದಲ್ಲ, ತಾರೀಖನ್ನು ಕ್ಷಣಗಳ ವ್ಯಾಪ್ತಿಗೆ ತಿರುಗಿಸುವುದು. ಏಪ್ರಿಲ್ 1 ಎಂದರೆ ಯುಟಿಸಿಯಲ್ಲಿ ಮಾರ್ಚ್ 31ರ 18:30 ಮತ್ತು ಅದರ ನಂತರ, ಆದರೆ ಏಪ್ರಿಲ್ 1ರ 18:30ಕ್ಕಿಂತ ಮೊದಲು. ಕೊನೆಯನ್ನು 18:29:59 ಎಂದು ಬರೆಯಬೇಡಿ. ಆ ಕೊನೆಯ ಸೆಕೆಂಡಿನ ಮಿಲಿಸೆಕೆಂಡುಗಳಲ್ಲಿ ಬಂದ ಸಾಲುಗಳು ಯಾವ ದಿನಕ್ಕೂ ಸೇರದೆ ಕಳೆದುಹೋಗುತ್ತವೆ. ಈ ವಿಧಾನಕ್ಕೆ ಇನ್ನೊಂದು ಲಾಭವೂ ಇದೆ. ಕಾಲಂ ಮೇಲೆ ಫಂಕ್ಷನ್ ಹಾಕಿದರೆ ಡೇಟಾಬೇಸ್ ಅದರ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಬಳಸಲಾಗದೆ ಟೇಬಲ್ ಪೂರ್ತಿ ಓದುತ್ತದೆ. ವ್ಯಾಪ್ತಿಯಾಗಿ ಕೇಳಿದರೆ ಇಂಡೆಕ್ಸ್ ಕೆಲಸಕ್ಕೆ ಬರುತ್ತದೆ.

ಡೇಟಾಬೇಸ್‌ಗಳ ಹೆಸರುಗಳೂ ದಾರಿ ತಪ್ಪಿಸುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ‘ಟೈಮ್‌ಸ್ಟಾಂಪ್ ವಿತ್ ಟೈಮ್‌ಝೋನ್’ ಎಂಬ ಬಗೆ ಟೈಮ್‌ಝೋನನ್ನು ಉಳಿಸಿಕೊಳ್ಳುವುದೇ ಇಲ್ಲ. ಯುಟಿಸಿಗೆ ತಿರುಗಿಸಿ ಎಂಟು ಬೈಟ್‌ನಲ್ಲಿ ಇಡುತ್ತದೆ, ಓದುವಾಗ ನಿಮ್ಮ ಸೆಷನ್‌ನ ಝೋನ್‌ಗೆ ಬದಲಿಸಿ ತೋರಿಸುತ್ತದೆ. ಕ್ಷಣಗಳಿಗೆ ಅದೇ ಸರಿ. ಮೈಎಸ್‌ಕ್ಯೂಎಲ್‌ನಲ್ಲಿ ‘ಟೈಮ್‌ಸ್ಟಾಂಪ್’ ಹೀಗೆ ತಿರುಗಿಸುತ್ತದೆ, ‘ಡೇಟ್‌ಟೈಮ್’ ಕೊಟ್ಟದ್ದನ್ನು ಹಾಗೇ ಇಡುತ್ತದೆ. ಅಲ್ಲಿ ಝೋನ್ ಬದಲಿಸುವ ಫಂಕ್ಷನ್‌ಗೆ ಊರಿನ ಹೆಸರು ಕೊಟ್ಟಾಗ ಉತ್ತರವಾಗಿ ನಲ್ (ಖಾಲಿ) ಬಂದರೆ ಕೋಡ್‌ನಲ್ಲಿ ತಪ್ಪು ಹುಡುಕುವ ಮೊದಲು ಟೈಮ್‌ಝೋನ್ ಟೇಬಲ್‌ಗಳನ್ನು ತುಂಬಿದ್ದಾರಾ ನೋಡಿ.

ಇನ್ನು ‘ಐಎಸ್‌ಟಿ’ ಎಂಬ ಮೂರಕ್ಷರ. ನಮಗೆ ಅದು ಭಾರತ, ಇಸ್ರೇಲಿಗರಿಗೆ ಇಸ್ರೇಲ್, ಐರ್ಲೆಂಡಿಗೆ ಅವರ ಬೇಸಿಗೆ ಸಮಯ. ಪೋಸ್ಟ್‌ಗ್ರೆಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಐಎಸ್‌ಟಿ ಎಂದರೆ ಇಸ್ರೇಲ್, ಅಂದರೆ ಯುಟಿಸಿಗಿಂತ ಎರಡು ಗಂಟೆ ಮುಂದೆ. ‘10:00 ಐಎಸ್‌ಟಿ’ ಎಂದು ಬರೆದು ಕಳಿಸಿದರೆ ಮೂರೂವರೆ ಗಂಟೆ ತಪ್ಪಿದ ಸಮಯ ಒಂದು ಎಚ್ಚರಿಕೆಯೂ ಇಲ್ಲದೆ ಒಳಗೆ ಹೋಗುತ್ತದೆ. ಇದನ್ನು ಅರಿತೇ ಅವರು ‘ಇಂಡಿಯಾ’ ಎಂಬ ಪ್ರತ್ಯೇಕ ಸೆಟ್ಟಿಂಗ್ ಇಟ್ಟಿದ್ದಾರೆ, ಆದರೆ ಅದರ ಮೇಲೆ ಭರವಸೆ ಇಡುವ ಬದಲು ‘ಏಷ್ಯಾ/ಕೋಲ್ಕತ್ತಾ’ ಎಂಬ ಪೂರ್ಣ ಹೆಸರು ಬರೆಯುವುದೇ ಲೇಸು.

ಆ ಹೆಸರಿಗೂ ಒಂದು ಉಪಕಥೆ. ಝೋನ್‌ನ ಹಳೆಯ ಹೆಸರು ‘ಏಷ್ಯಾ/ಕಲ್ಕತ್ತಾ’. ಒಂದೇ ಕಂಪ್ಯೂಟರ್‌ನಲ್ಲಿ ‘ನಿನ್ನ ಟೈಮ್‌ಝೋನ್ ಯಾವುದು’ ಎಂದು ಕೇಳಿದರೆ ಕ್ರೋಮ್ ಹಳೆಯ ಹೆಸರು ಹೇಳಬಹುದು, ಫೈರ್‌ಫಾಕ್ಸ್ ಹೊಸದು ಹೇಳಬಹುದು. ಎರಡರ ಅರ್ಥ ಒಂದೇ. ಹೆಸರು ಹೋಲಿಸಿ ‘ಬಳಕೆದಾರರು ಭಾರತದಲ್ಲಿದ್ದಾರೆ’ ಎಂದು ನಿರ್ಧರಿಸುವ ಕೋಡ್ ಅರ್ಧ ಜನರನ್ನು ಹೊರಗಿಡುತ್ತದೆ. 2022ರಲ್ಲಿ ‘ಯುರೋಪ್/ಕೀವ್’ ಎಂಬ ಹೆಸರು ಹೊಸ ಕಾಗುಣಿತಕ್ಕೆ ಬದಲಾದಾಗ ಸಮಸ್ಯೆ ತಿರುಗಾಮುರುಗಾ: ಹೊಸ ಹೆಸರು ಕೇಳಿದ ಹಳೆಯ ಸರ್ವರ್‌ಗೆ ಅಂಥ ಊರೇ ಗೊತ್ತಿಲ್ಲ.

ಪೈಥಾನ್ ಬಳಸುವವರಿಗೆ ಕೋಲ್ಕತ್ತಾ ಇನ್ನೊಂದು ರೀತಿಯಲ್ಲಿ ಪರಿಚಿತ. ಹಳೆಯ ‘ಪೈಟಿಝಡ್’ ಲೈಬ್ರರಿಯ (ಸಿದ್ಧ ಕೋಡ್‌ನ ಕಟ್ಟಿನ) ಝೋನನ್ನು ನೇರವಾಗಿ ಡೇಟ್‌ಟೈಮ್‌ಗೆ ಕೊಟ್ಟರೆ ಅದು ಐದೂವರೆ ಗಂಟೆಯ ಬದಲು 5:53 ಹಿಡಿಯುತ್ತದೆ. ಬೆಳಗ್ಗೆ 10ರ ಅಪಾಯಿಂಟ್‌ಮೆಂಟ್ ಯುಟಿಸಿಯಲ್ಲಿ 4:30 ಆಗುವ ಬದಲು 4:07. ಈ ಇಪ್ಪತ್ಮೂರು ನಿಮಿಷ ಎಲ್ಲಿಂದ ಬಂತು ಎಂದು ಎಷ್ಟೋ ಜನ ತಲೆ ಕೆಡಿಸಿಕೊಂಡಿದ್ದಾರೆ. ಟೈಮ್‌ಝೋನ್ ದತ್ತಾಂಶದಲ್ಲಿ ಕೋಲ್ಕತ್ತಾದ ಮೊದಲ ದಾಖಲೆ ಹತ್ತೊಂಬತ್ತನೇ ಶತಮಾನದ ಅದರ ಸ್ಥಳೀಯ ಸೂರ್ಯ ಸಮಯ: 5 ಗಂಟೆ 53 ನಿಮಿಷ 28 ಸೆಕೆಂಡ್. ಆಮೇಲೆ ಮದ್ರಾಸ್ ಸಮಯವಾದ 5:21:10, ಅದಾದ ಮೇಲೆ 1906 ಜನವರಿ 1ರಿಂದ ಇಂದಿನ 5:30. ತಾರೀಖು ತಿಳಿಯುವ ಮೊದಲೇ ಝೋನ್ ಕೇಳಿದ್ದರಿಂದ ಲೈಬ್ರರಿ ಪಟ್ಟಿಯ ಮೊದಲ ಸಾಲನ್ನೇ ಕೊಟ್ಟಿತು. ಪೈಥಾನ್ 3.9ರಿಂದ ಭಾಷೆಯಲ್ಲೇ ಇರುವ ‘ಝೋನ್‌ಇನ್ಫೊ’ ಬಳಸಿದರೆ ಈ ಬಲೆ ಇಲ್ಲ. ಹಾಗೆಯೇ ‘ಯುಟಿಸಿನೌ’ ಎಂಬ ಫಂಕ್ಷನ್ 3.12ರಿಂದ ಕೈಬಿಡಬೇಕಾದವುಗಳ ಪಟ್ಟಿಯಲ್ಲಿದೆ, ಕಾರಣ ಅದು ಯುಟಿಸಿ ಸಮಯವನ್ನು ‘ಇದು ಯುಟಿಸಿ’ ಎಂಬ ಚೀಟಿ ಅಂಟಿಸದೆ ಕೊಡುತ್ತದೆ. ಚೀಟಿ ಇಲ್ಲದ್ದನ್ನು ಮುಂದಿನ ಸಾಲು ಸ್ಥಳೀಯ ಸಮಯ ಎಂದೇ ತಿಳಿಯುತ್ತದೆ.

ಮುಂದಿನ ಮಂಗಳವಾರ

ಮುಂದೆ ನಡೆಯಬೇಕಾದ್ದನ್ನು ಯುಟಿಸಿಯಲ್ಲಿ ಮಾತ್ರ ಇಟ್ಟರೆ ಏನಾಗುತ್ತದೆ ಎನ್ನುವುದು ಬೆಂಗಳೂರಿನ ಐಟಿ ಆಫೀಸುಗಳಲ್ಲಿ ವರ್ಷಕ್ಕೆರಡು ಸಲ ಕಾಣುವ ದೃಶ್ಯ. ನ್ಯೂಯಾರ್ಕ್‌ನ ಬೆಳಗ್ಗೆ 9ರ ಮೀಟಿಂಗ್ 2026 ಫೆಬ್ರುವರಿ 24ರ ಮಂಗಳವಾರ ಯುಟಿಸಿಯಲ್ಲಿ 14:00, ನಮಗೆ ಸಂಜೆ 7:30. ಮಾರ್ಚ್ 8ರಂದು ಅಮೆರಿಕದಲ್ಲಿ ಮುಳ್ಳು ಒಂದು ಗಂಟೆ ಮುಂದೆ ಹೋಗುತ್ತದೆ. ಮಾರ್ಚ್ 10ರಂದು ಅದೇ 9 ಗಂಟೆ ಯುಟಿಸಿಯಲ್ಲಿ 13:00, ನಮಗೆ 6:30. ಡೇಟಾಬೇಸ್‌ನಲ್ಲಿ ‘ಪ್ರತಿ ಮಂಗಳವಾರ 14:00 ಯುಟಿಸಿ’ ಎಂದಿದ್ದರೆ ಬೆಂಗಳೂರಿನವರು ಎಂದಿನಂತೆ ಏಳೂವರೆಗೆ ಬರುತ್ತಾರೆ, ನ್ಯೂಯಾರ್ಕ್‌ನವರು ಒಂದು ಗಂಟೆ ಕಾದು ಎದ್ದು ಹೋಗಿರುತ್ತಾರೆ. ಲಂಡನ್ ಕೂಡ ಸೇರಿದ್ದರೆ ಇನ್ನೂ ಗೋಜಲು: ಯುರೋಪಿನಲ್ಲಿ ಬದಲಾಗುವುದು ಮಾರ್ಚ್ 29ಕ್ಕೆ. ನಡುವಿನ ಮೂರು ವಾರ ನ್ಯೂಯಾರ್ಕ್ ಮತ್ತು ಲಂಡನ್ ನಡುವಿನ ಅಂತರ ಐದು ಗಂಟೆಯ ಬದಲು ನಾಲ್ಕು.

ಈ ಬದಲಾವಣೆಗಳಾದರೂ ಮೊದಲೇ ಗೊತ್ತಿರುವಂಥವು. ಸರ್ಕಾರಗಳು ನಿಯಮವನ್ನೇ ಬದಲಿಸಿದಾಗ ಯುಟಿಸಿ ದಾಖಲೆ ಪೂರ್ತಿ ಕೈಕೊಡುತ್ತದೆ. ಕಜಾಕಿಸ್ತಾನ 2024 ಮಾರ್ಚ್ 1ರಿಂದ ದೇಶಕ್ಕೆಲ್ಲ ಒಂದೇ ಸಮಯ ಮಾಡಿತು. ಆಲ್ಮಾಟಿ ಆರು ಗಂಟೆಯ ವ್ಯತ್ಯಾಸದಿಂದ ಐದಕ್ಕೆ ಇಳಿಯಿತು. ಮಾರ್ಚ್ 15ರ ಬೆಳಗ್ಗೆ 10ಕ್ಕೆಂದು ಡಿಸೆಂಬರ್‌ನಲ್ಲೇ ಕಾಯ್ದಿರಿಸಿದ ಡಾಕ್ಟರ ಭೇಟಿ 04:00 ಯುಟಿಸಿ ಎಂದು ದಾಖಲಾಗಿದ್ದರೆ, ಬದಲಾವಣೆಯ ನಂತರ ಅದು 9 ಗಂಟೆ ಎಂದು ತೋರುತ್ತದೆ. ಡಾಕ್ಟರು ಬರುವುದು ಮಾತ್ರ 10ಕ್ಕೇ. ಲೆಬನಾನ್ 2023ರ ಮಾರ್ಚ್‌ನಲ್ಲಿ ಬೇಸಿಗೆ ಸಮಯವನ್ನು ಒಂದು ತಿಂಗಳು ಮುಂದೂಡುವುದಾಗಿ ಕೊನೆ ಗಳಿಗೆಯಲ್ಲಿ ಪ್ರಕಟಿಸಿ, ಗದ್ದಲವೆದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ನಡುವೆ ಒಂದೇ ಊರಿನಲ್ಲಿ ಎರಡು ಸಮಯ ನಡೆದವು.

ಆದ್ದರಿಂದ ಭವಿಷ್ಯದ ಕಾರ್ಯಕ್ರಮಕ್ಕೆ ಮೂಲ ದಾಖಲೆ ಎರಡು ಕಾಲಂ: ಊರಿನ ಗಡಿಯಾರದಂತೆ ತಾರೀಖು-ವೇಳೆ, ಮತ್ತು ‘ಅಮೆರಿಕ/ನ್ಯೂಯಾರ್ಕ್’ ಎಂಬ ಝೋನ್ ಹೆಸರು. ‘ಮೈನಸ್ 5’ ಎಂಬ ವ್ಯತ್ಯಾಸವನ್ನಷ್ಟೇ ಇಟ್ಟರೆ ಸಾಲದು, ಮಾರ್ಚ್‌ನಲ್ಲಿ ಅದು ಮೈನಸ್ 4. ಜ್ಞಾಪನೆ ಕಳಿಸಲು, ವಿಂಗಡಿಸಲು ಯುಟಿಸಿ ಬೇಕು, ನಿಜ. ಅದನ್ನು ಮೂರನೇ ಕಾಲಂ ಆಗಿ ಲೆಕ್ಕ ಹಾಕಿ ಇಟ್ಟುಕೊಳ್ಳಿ, ಟೈಮ್‌ಝೋನ್ ದತ್ತಾಂಶ ಅಪ್‌ಡೇಟ್ ಆದಾಗಲೆಲ್ಲ ಮುಂದಿನ ಸಾಲುಗಳಿಗೆ ಮತ್ತೆ ಲೆಕ್ಕ ಹಾಕಿ. ಒಂದು ಸಿಸ್ಟಂನಿಂದ ಇನ್ನೊಂದಕ್ಕೆ ಕಳಿಸುವಾಗ ವ್ಯತ್ಯಾಸ ಮತ್ತು ಝೋನ್ ಹೆಸರು ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುವ ಕ್ರಮವನ್ನು 2024ರ ಆರ್‌ಎಫ್‌ಸಿ 9557 ಎಂಬ ಇಂಟರ್‌ನೆಟ್ ಮಾನದಂಡ ಗೊತ್ತುಮಾಡಿದೆ.

ಮುಳ್ಳು ತಿರುಗುವ ರಾತ್ರಿಗಳಿಗೆ ಬೇರೆಯೇ ವಿಚಾರ ಬೇಕು. ನ್ಯೂಯಾರ್ಕ್‌ನಲ್ಲಿ 2026 ಮಾರ್ಚ್ 8ರ 2:30 ಎಂಬ ಸಮಯವೇ ಇಲ್ಲ. ನವೆಂಬರ್ 1ರ 1:30 ಎರಡು ಸಲ ಬರುತ್ತದೆ. ನಮ್ಮ ಗಡಿಯಾರದಲ್ಲಿ ಒಮ್ಮೆ ಬೆಳಗ್ಗೆ 11ಕ್ಕೆ, ಇನ್ನೊಮ್ಮೆ 12ಕ್ಕೆ. ಜಾವಾದ ಹೊಸ ಲೈಬ್ರರಿ ಇಲ್ಲದ ಸಮಯವನ್ನು ಒಂದು ಗಂಟೆ ಮುಂದೆ ತಳ್ಳುತ್ತದೆ, ಎರಡು ಸಲ ಬರುವುದರಲ್ಲಿ ಮೊದಲನೆಯದನ್ನು ಹಿಡಿಯುತ್ತದೆ. ಪೈಥಾನ್‌ನಲ್ಲಿ ‘ಫೋಲ್ಡ್’ ಎಂಬ ಗುರುತಿನಿಂದ ಆರಿಸಬಹುದು. ‘ಒಂದು ದಿನ ಕೂಡು’ ಮತ್ತು ‘24 ಗಂಟೆ ಕೂಡು’ ಒಂದೇ ಅಲ್ಲ ಎನ್ನುವುದೂ ಇಲ್ಲೇ ಬಯಲಾಗುವುದು: ಅಲ್ಲಿ ಮಾರ್ಚ್ 7ರ ಬೆಳಗ್ಗೆ 9ಕ್ಕೆ 24 ಗಂಟೆ ಕೂಡಿದರೆ ಸಿಗುವುದು ಮರುದಿನ 10 ಗಂಟೆ.

ಇಷ್ಟಕ್ಕೆಲ್ಲ ಆಧಾರವಾದ ದತ್ತಾಂಶ ಎಲ್ಲಿದೆ ಎಂಬುದನ್ನು ನಮ್ಮಲ್ಲಿ ಹೆಚ್ಚಿನವರು ನೋಡಿರುವುದಿಲ್ಲ. ಇಂಟರ್‌ನೆಟ್‌ನ ಹೆಸರು-ಸಂಖ್ಯೆಗಳನ್ನು ನೋಡಿಕೊಳ್ಳುವ ಸಂಸ್ಥೆ ಐಯಾನಾ ಪ್ರಕಟಿಸುವ ಈ ಕಡತ ವರ್ಷಕ್ಕೆ ಕೆಲವು ಸಲ ಹೊಸದಾಗುತ್ತದೆ, ಆದರೆ ಒಂದೇ ಸರ್ವರ್‌ನಲ್ಲಿ ಅದರ ಮೂರ್ನಾಲ್ಕು ಪ್ರತಿಗಳಿರಬಹುದು. ಲಿನಕ್ಸ್‌ಗೆ ತನ್ನದು, ಜಾವಾಗೆ ಅದರ ಮೂಲ ಸಲಕರಣೆಯಾದ ಜೆಡಿಕೆ ಒಳಗೆ ತನ್ನದು, ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಗೆ ಐಸಿಯು ಲೈಬ್ರರಿ ಜೊತೆ ತನ್ನದು. ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಮಾಡಿದರೆ ಜಾವಾದ್ದು ಹಳೆಯದೇ ಉಳಿಯುತ್ತದೆ. ಆಲ್ಪೈನ್‌ನಂಥ ಚಿಕ್ಕ ಡಾಕರ್ ಇಮೇಜ್‌ಗಳಲ್ಲಂತೂ (ಪ್ರೋಗ್ರಾಮ್ ಓಡಲು ಬೇಕಾದ್ದನ್ನೆಲ್ಲ ಕಟ್ಟಿಟ್ಟ ಪೊಟ್ಟಣಗಳಲ್ಲಂತೂ) ಕಡತವೇ ಇರುವುದಿಲ್ಲ, ಪ್ರತ್ಯೇಕವಾಗಿ ಹಾಕಬೇಕು. ಗೋ ಭಾಷೆಯ ಪ್ರೋಗ್ರಾಮ್ ಲ್ಯಾಪ್‌ಟಾಪ್‌ನಲ್ಲಿ ಓಡಿ, ಖಾಲಿ ಇಮೇಜ್‌ನಲ್ಲಿ ‘ಏಷ್ಯಾ/ಕೋಲ್ಕತ್ತಾ ಗೊತ್ತಿಲ್ಲ’ ಎಂದು ಬೀಳುವುದು ಇದಕ್ಕೇ, ಗೋ 1.15ರಿಂದ ದತ್ತಾಂಶವನ್ನು ಪ್ರೋಗ್ರಾಮ್ ಒಳಗೇ ಸೇರಿಸಿಕೊಳ್ಳುವ ಅನುಕೂಲವಿದೆ.

ಮಾತಿನ ತಾರೀಖು, ಪರದೆಯ ತಾರೀಖು

ಲೆಕ್ಕವೆಲ್ಲ ಸರಿಯಿದ್ದೂ ಓದುವವರು ತಪ್ಪು ತಿಳಿಯಬಹುದು. ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ 12:15ಕ್ಕೆ ಹೊರಡುವ ಬಸ್ಸನ್ನು ನಾವು ‘14ರ ರಾತ್ರಿಯ ಬಸ್ಸು’ ಎನ್ನುತ್ತೇವೆ. ಟಿಕೆಟ್‌ನಲ್ಲಿ ಅಚ್ಚಾಗುವುದು 15. ತಾರೀಖು ಮಾತ್ರ ನೋಡಿದವರು 15ರ ರಾತ್ರಿ ಊಟ ಮುಗಿಸಿ ನಿಲ್ದಾಣಕ್ಕೆ ಬಂದರೆ ಬಸ್ಸು ಹೋಗಿ ಒಂದು ದಿನವಾಗಿರುತ್ತದೆ. ಇದನ್ನು ಯಾವ ಲೈಬ್ರರಿಯೂ ಬಗೆಹರಿಸದು. ‘ಶುಕ್ರವಾರ ರಾತ್ರಿ ಕಳೆದು, ಶನಿವಾರ 15ರ 00:15’ ಎಂದು ಪರದೆಯ ಮೇಲೆ ಬಿಡಿಸಿ ಬರೆಯುವುದೊಂದೇ ದಾರಿ. ನಮ್ಮ ರೂಢಿಯಲ್ಲಿ ದಿನ ಬದಲಾಗುವುದು ಸೂರ್ಯೋದಯಕ್ಕೆ, ಕಂಪ್ಯೂಟರ್‌ಗೆ ಮಧ್ಯರಾತ್ರಿಗೆ.

ಪಂಚಾಂಗದ ಆ್ಯಪ್‌ಗಳು ಎಡವುವುದೂ ಇದೇ ಜಾಗದಲ್ಲಿ. ತಿಥಿ ಮುಗಿಯುವುದು ಒಂದು ಕ್ಷಣ, ಜಗತ್ತಿಗೆಲ್ಲ ಒಂದೇ. ಆದರೆ ಆ ತಿಥಿ ಯಾವ ತಾರೀಖಿಗೆ ಸೇರುತ್ತದೆ ಎನ್ನುವುದು ಊರಿನ ಸೂರ್ಯೋದಯದ ಮೇಲೆ ನಿಂತಿದೆ. ಬೆಂಗಳೂರಿನ ಏಕಾದಶಿಯ ತಾರೀಖನ್ನು ನ್ಯೂಜೆರ್ಸಿಯವರಿಗೂ ಹಾಗೇ ತೋರಿಸಿದರೆ ಕೆಲವು ತಿಂಗಳು ಉಪವಾಸ ಒಂದು ದಿನ ತಪ್ಪುತ್ತದೆ. ತಿಥಿಯ ಕ್ಷಣವನ್ನು ಅವರ ಝೋನ್‌ಗೆ ತಿರುಗಿಸಿ, ಅವರ ಊರಿನ ಸೂರ್ಯೋದಯಕ್ಕೆ ಹೋಲಿಸಬೇಕು.

ಬರವಣಿಗೆಯ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 03/04/2026 ನಮಗೆ ಏಪ್ರಿಲ್, ಅಮೆರಿಕದವರಿಗೆ ಮಾರ್ಚ್; ಯಂತ್ರಗಳ ನಡುವೆ 2026-04-03 ಬಿಟ್ಟು ಬೇರೆ ಬೇಡ. ಜಾವಾದಲ್ಲಿ ವರ್ಷಕ್ಕೆ ಸಣ್ಣ ವೈ ಬದಲು ದೊಡ್ಡ ವೈ ಬರೆದರೆ ಅದು ‘ವಾರದ ವರ್ಷ’ (ಆ ವಾರ ಯಾವ ವರ್ಷದ ಲೆಕ್ಕಕ್ಕೆ ಸೇರುತ್ತದೋ ಅದು) ಆಗಿ, 2025 ಡಿಸೆಂಬರ್ 31 ಎನ್ನುವುದು 2026 ಡಿಸೆಂಬರ್ 31 ಎಂದು ಅಚ್ಚಾಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ಎಲ್ಲ ಸರಿಯಿರುವುದರಿಂದ ಟೆಸ್ಟ್‌ನಲ್ಲಿ ಸಿಕ್ಕಿಬೀಳದು.

2038ರ ಮಿತಿಯೂ ಈಗಲೇ ತಟ್ಟುವಂಥದ್ದು. 32 ಬಿಟ್‌ನಲ್ಲಿ ಸೆಕೆಂಡ್ ಎಣಿಸುವ ವ್ಯವಸ್ಥೆ 2038 ಜನವರಿ 19ರ ಬೆಳಗ್ಗೆ ನಮ್ಮ ಸಮಯ 8:44:07ಕ್ಕೆ ತುಂಬಿಹೋಗುತ್ತದೆ. ಮೈಎಸ್‌ಕ್ಯೂಎಲ್‌ನ ‘ಟೈಮ್‌ಸ್ಟಾಂಪ್’ ಬಗೆಯ ಮಿತಿಯೂ ಅದೇ. ಇಂದು ಇಪ್ಪತ್ತು ವರ್ಷದ ಗೃಹಸಾಲ ಪಡೆದವರ ಕೊನೆಯ ಕಂತಿನ ದಿನ ಆ ಕಾಲಂನಲ್ಲಿ ಹಿಡಿಯುವುದಿಲ್ಲ. ಕಂತಿನ ದಿನ ಹೇಗೂ ಬರೀ ತಾರೀಖು, ಅದನ್ನು ‘ಡೇಟ್’ ಬಗೆಯ ಕಾಲಂಗೆ ಹಾಕಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಭಾಷೆಗಳು ಈ ವಿಂಗಡಣೆಯನ್ನು ತಡವಾಗಿಯಾದರೂ ಒಪ್ಪಿಕೊಂಡಿವೆ. ಜಾವಾ 2014ರಲ್ಲಿ ತಾರೀಖಿಗೆ, ಕ್ಷಣಕ್ಕೆ, ಊರಿನ ಸಮಯಕ್ಕೆ ಬೇರೆ ಬೇರೆ ಬಗೆ ಕೊಟ್ಟಿತು. ಡಾಟ್‌ನೆಟ್‌ಗೆ ‘ಡೇಟ್‌ಓನ್ಲಿ’ ಬಂದದ್ದು 2021ರಲ್ಲಿ. ಜಾವಾಸ್ಕ್ರಿಪ್ಟ್‌ನ ‘ಟೆಂಪೊರಲ್’ 2025ರ ಮೇನಲ್ಲಿ ಫೈರ್‌ಫಾಕ್ಸ್ 139ರೊಂದಿಗೆ ಬಂತು. ಅದರಲ್ಲಿ ‘ಪ್ಲೇನ್‌ಡೇಟ್’ ಎಂಬ ಬಗೆಯನ್ನು ಯುಟಿಸಿಗೆ ತಿರುಗಿಸಲು ಹೊರಟರೆ ಯಾವ ಊರಿನ ಲೆಕ್ಕದಲ್ಲಿ ಎಂದು ಹೇಳಲೇಬೇಕು, ಸದ್ದಿಲ್ಲದೆ ತಿರುಗಿಬಿಡುವುದಿಲ್ಲ. ಎಲ್ಲ ಬ್ರೌಸರ್‌ಗಳನ್ನೂ ನಂಬಲಾಗದ ಕಡೆ ಪಾಲಿಫಿಲ್ (ಬ್ರೌಸರ್‌ನಲ್ಲಿಲ್ಲದ್ದನ್ನು ತುಂಬಿಕೊಡುವ ಕೋಡ್) ಹಾಕಿಕೊಳ್ಳಬಹುದು. ಅಷ್ಟೂ ಬೇಡವೆಂದರೆ ತಾರೀಖನ್ನು ‘2026-08-15’ ಎಂಬ ಹತ್ತಕ್ಷರದ ಪಠ್ಯವಾಗಿಯೇ ಫಾರಂನಿಂದ ಡೇಟಾಬೇಸ್‌ವರೆಗೆ ಸಾಗಿಸಿ. ದಾರಿಯಲ್ಲಿ ಅದನ್ನು ಯಾರೂ ಹಳೆಯ ‘ಡೇಟ್’ ಮಾಡದಂತೆ ನೋಡಿಕೊಂಡರೆ ಸಾಕು.

ಟೆಸ್ಟ್‌ಗಳನ್ನು ಒಂದೇ ಝೋನ್‌ನಲ್ಲಿ ಓಡಿಸುವುದನ್ನು ಬಿಡಿ. ಅದೇ ಟೆಸ್ಟನ್ನು ಯುಟಿಸಿ, ಕೋಲ್ಕತ್ತಾ, ನ್ಯೂಯಾರ್ಕ್, ಮುಕ್ಕಾಲು ಗಂಟೆಯ ಲೆಕ್ಕವಿರುವ ಕಠ್ಮಂಡು, ಯುಟಿಸಿಗಿಂತ ಹದಿನಾಲ್ಕು ಗಂಟೆ ಮುಂದಿರುವ ಪೆಸಿಫಿಕ್ ದ್ವೀಪ ಕಿರಿಟಿಮಾಟಿ, ಈ ಐದು ಝೋನ್‌ಗಳಲ್ಲಿ ಓಡಿಸಿದರೆ ಇಲ್ಲಿ ಹೇಳಿದ ತಪ್ಪುಗಳಲ್ಲಿ ಹೆಚ್ಚಿನವು ತಾವಾಗಿ ಎದುರಿಗೆ ಬರುತ್ತವೆ. ಗಡಿಯಾರವನ್ನು ಕೋಡ್‌ನ ಒಳಗಿಂದ ನೇರ ಕೇಳುವ ಬದಲು ಹೊರಗಿನಿಂದ ಕೊಟ್ಟರೆ ಮಾರ್ಚ್ 31ರ 23:45 ಮತ್ತು ಏಪ್ರಿಲ್ 1ರ 00:15 ಎರಡನ್ನೂ ಯಾವ ದಿನ ಬೇಕಾದರೂ ಪರೀಕ್ಷಿಸಬಹುದು.

ಈಗಾಗಲೇ ಕೆಟ್ಟಿರುವ ದತ್ತಾಂಶವನ್ನು ರಿಪೇರಿ ಮಾಡುವಾಗ 18:30 ಸಹಾಯಕ್ಕೆ ಬರುತ್ತದೆ. ಬ್ಯಾಕಪ್ ತೆಗೆದಿಟ್ಟು, ಜನ್ಮದಿನಾಂಕದ ಕಾಲಂನಲ್ಲಿ ಯಾವ ವೇಳೆ ಎಷ್ಟು ಸಲ ಬಂದಿದೆ ಎಂದು ಮೊದಲು ಎಣಿಸಿ. 18:30 ಭಾರತದಲ್ಲಿ ತುಂಬಿದ ಅರ್ಜಿ. 17:30 ಕಂಡರೆ ಯುದ್ಧಕಾಲದಲ್ಲಿ ಹುಟ್ಟಿದವರು. 20:00 ದುಬೈನಿಂದ, 16:00 ಸಿಂಗಾಪುರದಿಂದ, 04:00 ಮತ್ತು 05:00 ಹೆಚ್ಚಾಗಿ ನ್ಯೂಯಾರ್ಕ್ ಕಡೆಯಿಂದ ತುಂಬಿದವು. 16:30 ಸಿಕ್ಕರೆ ಗಾಬರಿ ಬೇಡ: ಸಿಂಗಾಪುರದ ವ್ಯತ್ಯಾಸ 1981ರ ಕೊನೆಯವರೆಗೆ ಏಳೂವರೆ ಗಂಟೆಯಿತ್ತು, 1975ರಲ್ಲಿ ಹುಟ್ಟಿದವರು ಅಲ್ಲಿ ಕುಳಿತು ತುಂಬಿದ ಅರ್ಜಿ ಅದು. ಪ್ರತಿ ಗುಂಪನ್ನೂ ಅದರದೇ ಝೋನ್ ಹೆಸರಿನಿಂದ ಹಿಂದಿರುಗಿಸಿ, ಉತ್ತರ ಸರಿಯಾಗಿ 00:00 ಬಂದರೆ ತಾರೀಖನ್ನು ಹೊಸ ಕಾಲಂಗೆ ಬರೆಯಿರಿ. ಹಳೆಯದನ್ನು ಸದ್ಯಕ್ಕೆ ಅಳಿಸಬೇಡಿ. ವೇಳೆಯೇ ಉಳಿಯದೆ ಮೊದಲ ಹತ್ತು ಅಕ್ಷರ ಮಾತ್ರ ಸೇರಿದ ಸಾಲುಗಳಲ್ಲಿ ಈ ಗುರುತು ಅಳಿಸಿಹೋಗಿರುತ್ತದೆ, 14 ನಿಜವಾಗಿ 14ರೋ 15ರೋ ಎಂದು ಕಂಪ್ಯೂಟರ್‌ನಿಂದ ತಿಳಿಯುವಂತಿಲ್ಲ. ಅವಕ್ಕೆ ಮೂಲ ಅರ್ಜಿಯನ್ನೋ ಜನನ ಪ್ರಮಾಣಪತ್ರವನ್ನೋ ತೆಗೆದು ಒಂದೊಂದಾಗಿ ನೋಡಬೇಕು.